ಅಕ್ಕ ಮಾತು ಬಿಟ್ಟ ಅವರೆಕಾಯಿ ಕಾಲ

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೊಮ್ಮಗನ ಹೆಂಡತಿ ದೀಪಾಳ ಜೊತೆ ಗಾಂಧಿ ಬಜಾರಿಗೆ ಹೋಗಿದ್ದೆ. ಎಂಬತ್ತು ದಾಟಿದ ಮುದುಕಿಗೆ ಬಜಾರಿನಲ್ಲೇನು ಕೆಲಸ ಎಂದು ಮನೆಯಲ್ಲಿ ಎಲ್ಲರೂ ಗೊಣಗಿದರು. ಗೊಣಗಲಿ. ಅವರೆಕಾಯಿಯನ್ನು ನಾನೇ ಮೂಸಿ ನೋಡಿ ತರಬೇಕು. ಫೋನಿನಲ್ಲಿ ತರಿಸಿಕೊಳ್ಳುವ ಅವರೆಕಾಯಿಗೆ ಸೊಗಡು ಎಲ್ಲಿಂದ ಬರಬೇಕು? ನಮ್ಮ ಜೊತೆ ದೀಪಾಳ ಮಗಳು ಮೇಘ ಇದ್ದಳು, ಏಳು ವರ್ಷದವಳು. ಫುಟ್‌ಪಾತಿನ ರಾಶಿಯ ಹತ್ತಿರ ಬರುತ್ತಿದ್ದಂತೆ ಅವಳು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡು, "ಇದು ಹಸಿರು ಎಣ್ಣೆ ವಾಸನೆ, ನಂಗೆ ತಲೆ ಒಳಗೆ ಚುಚ್ಚುತ್ತೆ" ಎಂದಳು. ಮಾರುವವಳು ನಕ್ಕು, "ನಾಳೆ ಬಾ ಪುಟ್ಟಿ, ನಿಂಗೆ ಅಂತ್ಲೇ ವಾಸನೆ ಇಲ್ಲದ್ದು ತಂದಿಟ್ಟಿರ್ತೀನಿ" ಎಂದಳು.

ಮೇಘ ಮೂಗಿನಿಂದ ಕೈ ತೆಗೆದು ಕೇಳಿದಳು. "ನಾಳೆ ಎಷ್ಟು ಗಂಟೆಗೆ?"

ಮಾರುವವಳು ಇನ್ನೂ ಜೋರಾಗಿ ನಕ್ಕಳು. ದೀಪಾಳ ಮುಖ ಕೆಂಪಾಯಿತು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ಅಜ್ಜಿ, ನಿಮಗೆ ಹೇಳಿರಲಿಲ್ಲ. ಇವಳಿಗೆ ಆಟಿಸಂ ಅಂತೆ. ಸೌಮ್ಯವಾದದ್ದು ಅಂತ ಡಾಕ್ಟರ್ ಹೇಳಿದಾರೆ" ಎಂದಳು. ಏನೋ ಕೆಟ್ಟ ಸುದ್ದಿ ಹೇಳುವವರ ದನಿ. ಕೈಚೀಲದಿಂದ ಸೊಗಡು ಏಳುತ್ತಿತ್ತು, ಮತ್ತು ನನ್ನ ಕಿವಿಯಲ್ಲಿ ನಮ್ಮ ಗಿರಿಜಕ್ಕ ಚಾಮರಾಜಪೇಟೆಯ ನಮ್ಮ ತವರುಮನೆಯ ಗೇಟಿನ ಹತ್ತಿರ ನಿಂತು, "ಯಾವತ್ತು ಬರ್ತೀರಿ?" ಎಂದು ಕೇಳುತ್ತಿದ್ದಳು.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನಿಗೆ ಬಳೇಪೇಟೆಯಲ್ಲಿ ಬಳೆಯ ಸಗಟು ಅಂಗಡಿ. ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಅಕ್ಕ, ನಾನು. ನಾನು ಹೈಸ್ಕೂಲು ಸೇರಿದ್ದೆ. ಅಕ್ಕ ಇಪ್ಪತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ಆ ಕಾಲಕ್ಕೆ ಅದು ಬೀದಿಯವರೆಲ್ಲ ವಿಚಾರಿಸುವ ವಿಷಯ. ನೋಡಲು ಲಕ್ಷಣವಾಗಿದ್ದಳು, ಉದ್ದ ಜಡೆ. ಆದರೆ ಬಾಯಿ ತೆರೆದರೆ ಮುಗಿಯಿತು. ಅವಳಿಗೆ ಲೋಕದಲ್ಲಿ ಒಂದೇ ವಿಷಯ: ನಮ್ಮ ಬೀದಿಗೆ ಬರುವ ಮಾರಾಟದವರು. ಸೊಪ್ಪಿನವಳು, ಹೂವಿನವಳು, ಪಾತ್ರೆಗೆ ಕಲಾಯಿ ಹಾಕುವವನು, ಸಂಜೆಯ ಕಡಲೆಪುರಿಯವನು, ಇವರಲ್ಲಿ ಯಾರು ಯಾರಿಗಿಂತ ಮುಂಚೆ ಬಂದರು, ಯಾರ ಕೂಗು ಇವತ್ತು ಹೇಗಿತ್ತು ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. "ಸೊಪ್ಪಿನವಳ ಕೂಗು ಕೊನೇಲಿ ಮೇಲಕ್ಕೆ ಹೋಗುತ್ತೆ. ಇವತ್ತು ಕೆಳಕ್ಕೆ ಹೋಯ್ತು. ಗಂಟಲು ಕೆಟ್ಟಿರ್ಬೇಕು." ಕೇಳುವವರು ಆಕಳಿಸಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಮಾತಿನ ನಡುವೆ ಎದ್ದು ಹೋದರೆ ಹಿಂದೆಯೇ ಬಂದು ಮುಗಿಸುತ್ತಿದ್ದಳು. ಜರಿಯ ಅಂಚು ಮೈಗೆ ತಗುಲಿದರೆ ಇರುವೆ ಹತ್ತಿದ ಹಾಗೆ ಆಡುತ್ತಿದ್ದಳು. ಬಳೆಯ ಸದ್ದು ಮಾತ್ರ ಅವಳಿಗೆ ಪ್ರಾಣ. ಮೊಣಕೈವರೆಗೆ ಹಾಕಿಕೊಂಡು ಕಿವಿಯ ಹತ್ತಿರ ಕೈ ಕುಲುಕಿ ಕೇಳಿಸಿಕೊಳ್ಳುತ್ತಿದ್ದಳು.

ಇನ್ನೊಬ್ಬರು ಚಂದ್ರು ಮಾವ, ಅಮ್ಮನ ತಮ್ಮ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ಮಲ್ಲೇಶ್ವರದಲ್ಲಿ ಒಂದೇ ಕೋಣೆ ಹಿಡಿದು ಒಬ್ಬರೇ ಇದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಅದೇ ಮೂಲೆ, ಅದೇ ಮಣೆ, ಅನ್ನಕ್ಕೆ ಸಾರು ತಾಗದಂತೆ ಬಡಿಸಬೇಕು. ಮಾತು ಬೇಕೇ ಬೇಕೆಂದಾಗ ಮಾತ್ರ, ಅದೂ ಗೋಡೆ ನೋಡಿಕೊಂಡು. ಅವರಿಗೆ ಬಳೆಯ ಸದ್ದು ಆಗುತ್ತಿರಲಿಲ್ಲ. ಅಮ್ಮ ಅವರಿಗೆ ಬಡಿಸುವಾಗ ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಬಡಿಸುತ್ತಿದ್ದಳು. ಅವರೆಕಾಯಿ ಕಾಲದಲ್ಲಂತೂ ಸೊಗಡು ತಾಳದೆ ಅಡುಗೆಮನೆಯ ಕಡೆ ತಲೆ ಹಾಕುತ್ತಿರಲಿಲ್ಲ, ಹೊರಗಿನ ಜಗುಲಿಯಲ್ಲೇ ಊಟ.

ಇವರಿಬ್ಬರೂ ಒಂದೇ ತರಹದವರು ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಒಬ್ಬಳು ನಿಲ್ಲಿಸುವವಳಲ್ಲ, ಇನ್ನೊಬ್ಬರು ಶುರು ಮಾಡುವವರಲ್ಲ. ಮೇಲಾಗಿ ಒಬ್ಬರಿಗೊಬ್ಬರು ಆಗುತ್ತಲೂ ಇರಲಿಲ್ಲ. ಭಾನುವಾರ ಮಾವ ಬಂದು ಕೂತ ಕೂಡಲೇ ಅಕ್ಕ ಎದುರಿಗೆ ಕೂತು ಇಡೀ ವಾರದ ವರದಿ ಒಪ್ಪಿಸುತ್ತಿದ್ದಳು. ಮಾವ ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡು, "ಸುಮ್ನಿರು ಗಿರಿಜಾ" ಎನ್ನುತ್ತಿದ್ದರು. ಅವಳು ಒಂದು ಗಳಿಗೆ ಸುಮ್ಮನಿದ್ದು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಅಕ್ಕನನ್ನು ಬೀದಿಯವರು ಪೆದ್ದಿ ಎಂದರು, ಮಾವನನ್ನು ಗರ್ವಿಷ್ಠ ಎಂದರು. ಅಂದವರಿಗೆ ಇಬ್ಬರೂ ಅರ್ಥವಾಗಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ತುಮಕೂರಿನ ಕಡೆಯವರು ಅಕ್ಕನನ್ನು ನೋಡಲು ಬಂದರು. ಹುಡುಗನ ತಾಯಿ ಉಪ್ಪಿಟ್ಟು ಬಾಯಿಗಿಟ್ಟು, "ಚೆನ್ನಾಗಿದೆ. ನೀನೇ ಮಾಡಿದ್ದೇನಮ್ಮ?" ಎಂದರು. ಹೆಣ್ಣು ನೋಡುವ ಮನೆಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ತಲೆ ತಗ್ಗಿಸಿ ಒಂದು "ಹೂಂ". ಅಕ್ಕ ತಲೆ ಎತ್ತಿ, "ಇಲ್ಲ, ಪಕ್ಕದ ಮನೆಯವರು ಮಾಡಿದ್ದು. ನಾನು ಮಾಡಿದ್ರೆ ಗಂಟಾಗುತ್ತೆ" ಎಂದಳು. ಅಮ್ಮ ಬೇಗ ಬೇಗ ಕಾಫಿಯ ಲೋಟ ಮುಂದೆ ಮಾಡಿದಳು. ಹೊರಡುವಾಗ ಅವರು ಎಲ್ಲರೂ ಹೇಳುವ ಹಾಗೆ, "ಬರ್ತೀವಿ" ಎಂದು ಕೈ ಮುಗಿದರು. ಅಕ್ಕ ಗೇಟಿನವರೆಗೆ ಹೋಗಿ ಕೇಳಿಯೇ ಬಿಟ್ಟಳು. "ಯಾವತ್ತು ಬರ್ತೀರಿ?"

ನಮ್ಮಲ್ಲಿ ಯಾರೂ "ಹೋಗ್ತೀನಿ" ಎಂದು ಹೊಸಿಲು ದಾಟುವುದಿಲ್ಲ. ಅದು ಸತ್ತವರ ಮಾತು, ಅಪಶಕುನ. ವಾಪಸು ಬರುವ ಯೋಚನೆಯೇ ಇಲ್ಲದವರೂ "ಬರ್ತೀನಿ" ಎಂದೇ ಹೋಗುವುದು. ಹುಟ್ಟಿದಂದಿನಿಂದ ಕೇಳಿದ್ದರೂ ಆ ಮಾತು ಅಕ್ಕನಿಗೆ ಬಂದರೆ ಬರುವುದು ಎಂದೇ ಅರ್ಥವಾಗುತ್ತಿತ್ತು. ತುಮಕೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಟಕಾ ಹತ್ತಿದರು. ಅಕ್ಕ ಅಲ್ಲಿಂದ ಎಷ್ಟೋ ಸಂಜೆ ಗೇಟಿನ ಹತ್ತಿರ ನಿಂತು ಅವರಿಗಾಗಿ ಕಾದಳು. ಮದುವೆಯ ಆಸೆಯಿಂದಲ್ಲ. ಬರುತ್ತೇವೆ ಎಂದವರು ಬಂದಾಗ ಗೇಟು ತೆಗೆಯುವವರು ಬೇಡವೇ, ಅದಕ್ಕೆ.

ಡಿಸೆಂಬರಿನಲ್ಲಿ ದಾವಣಗೆರೆಯ ಜವಳಿ ವ್ಯಾಪಾರದವರು ಬರುವುದೆಂದಾಯಿತು. ಉಪ್ಪಾರಪೇಟೆಯ ಲಾಡ್ಜಿನಲ್ಲಿ ಇಳಿದುಕೊಂಡು ಸೋಮವಾರ ಹೆಣ್ಣು ನೋಡುವುದು ಎಂದು ದೊಡ್ಡಪ್ಪ ಗೊತ್ತು ಮಾಡಿದರು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ನಮ್ಮ ಮನೆಯ ಎಲ್ಲದಕ್ಕೂ ಅವರದೇ ಕೊನೆಯ ಮಾತು. ಸೋಮವಾರ ಎಂದದ್ದೇ ತಡ, ಅಮ್ಮನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಶಿವನ ವಾರ. ಹುಡುಗಿ ಸೋಮವಾರ ಮೌನವ್ರತ ಹಿಡಿದಿದ್ದಾಳೆ ಅಂದುಬಿಟ್ಟರೆ? ಬಾಯಿ ತೆರೆಯುವ ಪ್ರಶ್ನೆಯೇ ಬರುವುದಿಲ್ಲ, ಮೇಲೆ ದೈವಭಕ್ತೆ ಎಂಬ ಹೆಸರು ಬೇರೆ. ಅಮ್ಮ ಬೆಳಿಗ್ಗೆ ಅಕ್ಕನ ತಲೆ ಬಾಚುತ್ತ ಗಟ್ಟಿಯಾಗಿ ಹೇಳಿದಳು. "ಗಿರಿಜಾ, ನೋಡು. ಅವರು ಒಪ್ಪಿದೀವಿ ಅಂತ ಹೇಳೋವರೆಗೂ ನೀನು ಯಾರಿಗೂ ಏನೂ ಹೇಳ್ಕೂಡದು. ನನ್ನಾಣೆ."

ನಾನು ಅಲ್ಲೇ ರಿಬ್ಬನ್ನು ಹಿಡಿದು ನಿಂತಿದ್ದೆ. ದಿನಕ್ಕೆ ನಾಲ್ಕು ಸಲ ಯಾರಾದರೂ ಯಾರ ಮೇಲಾದರೂ ಆಣೆ ಇಡುತ್ತಿದ್ದ ಮನೆ ನಮ್ಮದು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ದಾವಣಗೆರೆಯವರು ಬಂದರು. ಮೌನವ್ರತದ ಮಾತು ಕೇಳಿ ಹುಡುಗನ ಅಜ್ಜಿ, "ಈ ಕಾಲದಾಗೂ ಇಂಥಾ ಹುಡುಗೀರು ಅದಾರ!" ಎಂದು ಕೆನ್ನೆಗೆ ಕೈ ಹಚ್ಚಿದರು. ಅಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಅಷ್ಟರಲ್ಲಿ ಬೀದಿಯಲ್ಲಿ ಕೂಗು ಕೇಳಿತು. ಮಾಗಡಿ ಕಡೆಯಿಂದ ಬರುವ ಅವರೆಕಾಯಿಯವಳು, ಆ ವರ್ಷದ ಮೊದಲ ಬುಟ್ಟಿ. ಅಕ್ಕ ಚಾಪೆಯಿಂದ ಎದ್ದಳು. ಏಳಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜರಿ ಸೀರೆಯ ಅಂಚನ್ನು ಕತ್ತಿನಿಂದ ದೂರ ಹಿಡಿದುಕೊಂಡು ಬಂದವರ ನಡುವೆಯೇ ನಡೆದು ಗೇಟಿಗೆ ಹೋಗಿ ನಿಂತಳು. ಅವರೆಕಾಯಿಯವಳು, "ಚೆಂದಾಗಿದೀರಾ ಅಕ್ಕಾವ್ರೇ?" ಎಂದರೆ ಉತ್ತರವಿಲ್ಲ. ಸುಮ್ಮನೆ ಬುಟ್ಟಿಯ ಮೇಲೆ ಬಾಗಿ ಸೊಗಡು ಎಳೆದುಕೊಳ್ಳುತ್ತ ಕೂತುಬಿಟ್ಟಳು. ದಾವಣಗೆರೆಯವರೂ, "ಬರ್ತೀವಿ" ಎಂದರು.

ಎರಡು ಮೂರು ದಿನಕ್ಕೆ ದೊಡ್ಡಪ್ಪನ ಮೂಲಕ ಸುದ್ದಿ ಬಂತು. ಹುಡುಗಿ ಮೂಗಿಯೋ ಹುಚ್ಚಿಯೋ ತಿಳಿಯಲಿಲ್ಲ, ನಮಗೆ ಬೇಡ ಎಂದಿದ್ದರು. ಅಕ್ಕನ ಮನಸ್ಸು ನೋಯದಿರಲಿ ಎಂದು ಅವಳಿಗೆ ಯಾರೂ ಇದನ್ನು ಹೇಳಲಿಲ್ಲ.

ಮತ್ತು ಅಕ್ಕ ಮಾತಾಡಲಿಲ್ಲ.

ಮೊದಲು ಅಮ್ಮ, ವ್ರತ ಅವಳಿಗೆ ಹಿಡಿಸಿರಬೇಕು ಎಂದುಕೊಂಡಳು. ಆಮೇಲೆ ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡಳು. ವಾರ ಕಳೆದ ಮೇಲೆ ಭಯ ಹತ್ತಿತು. ಅಕ್ಕ ಊಟ ಮಾಡುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಬೀದಿಯಲ್ಲಿ ಕೂಗು ಕೇಳಿದರೆ ಗೇಟಿಗೆ ಓಡುತ್ತಿದ್ದಳು. ತುಟಿ ಮಾತ್ರ ಹೊಲಿದ ಹಾಗೆ. ನಾನು ಸ್ಲೇಟು ಬಳಪ ಕೊಟ್ಟು, "ಬರೆದಾದ್ರೂ ಹೇಳೇ" ಎಂದೆ. ಸ್ಲೇಟನ್ನು ದೂರ ತಳ್ಳಿ ಅಮ್ಮನ ಕಡೆ ಹೆದರಿಕೊಂಡು ನೋಡಿದಳು. ಸೊಪ್ಪಿನವಳು, "ಅಕ್ಕಾವ್ರು ಯಾಕಮ್ಮಾ ನಮ್ಮೇಲೆ ಮುನಿಸ್ಕೊಂಡವ್ರೆ?" ಎಂದು ಕೇಳಿದಳು. ಡಾಕ್ಟರು ಬಂದು ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿ, ಗಂಟಲಿಗೇನೂ ಆಗಿಲ್ಲ ಎಂದರು. ವರ್ಷಗಟ್ಟಲೆ ಅವಳ ವಟವಟ ತಾಳಲಾರದೆ ಬೈಯುತ್ತಿದ್ದ ಮನೆ ಈಗ ಬಿಕೋ ಎನ್ನುತ್ತಿತ್ತು. ನಾನು ಸ್ಕೂಲಿನಿಂದ ಬಂದರೆ ಆ ದಿನ ಬೀದಿಗೆ ಯಾರು ಬಂದರು ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಅದನ್ನು ತಿಳಿಯಬೇಕೆಂದು ನನಗೆ ಇಷ್ಟು ಆಸೆ ಇತ್ತೆಂದೂ ಗೊತ್ತಿರಲಿಲ್ಲ.

ದೊಡ್ಡಪ್ಪ ಒಂದು ದಿನ ಜಗುಲಿಯಲ್ಲಿ ಕೂತು ತೀರ್ಮಾನ ಹೇಳಿದರು. "ಹುಚ್ಚಾಸ್ಪತ್ರೆಗೆ ತೋರಿಸೋದೇ ವಾಸಿ. ಅಲ್ಲೇ ಇಟ್ಕೋತೀವಿ ಅಂದ್ರೆ ಇಟ್ಕೊಳ್ಳಲಿ. ಚಿಕ್ಕವಳ ಮದುವೆ ಬಗ್ಗೇನೂ ಯೋಚ್ನೆ ಮಾಡ್ಬೇಕಲ್ಲಪ್ಪ. ಸಂಕ್ರಾಂತಿ ಕಳೀಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ." ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅಣ್ಣನಿಗೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಅಮ್ಮ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರಿನ ಸದ್ದಿನ ಹಿಂದೆ ಅಳು ಕೇಳುತ್ತಿತ್ತು. ಅಕ್ಕ ಬಾಗಿಲ ಹೊರಗೆ ನಿಂತು, ಬಾಗಿಲಿಗೆ ಅಂಗೈ ಒತ್ತಿಕೊಂಡು, ಏನೂ ಹೇಳದೆ ನಿಂತೇ ಇದ್ದಳು.

ಸಂಕ್ರಾಂತಿಗೆ ಹಿಂದಿನ ಭಾನುವಾರ ಹಿತಕವರೆಯ ದಿನ. ಮಾಡಿದವರಿಗೆ ಗೊತ್ತು: ಅವರೆಕಾಳನ್ನು ನೀರಲ್ಲಿ ನೆನೆಸಿ, ಒಂದೊಂದನ್ನೇ ಬೆರಳ ನಡುವೆ ಹಿಸುಕಿ, ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸಬೇಕು. ಒಬ್ಬರಿಂದ ಮುಗಿಯುವ ಕೆಲಸವಲ್ಲ. ನಾನು, ಅಮ್ಮ, ಅಕ್ಕ ದೊಡ್ಡ ಬೇಸಿನ್ನಿನ ಸುತ್ತ ಕೂತಿದ್ದೆವು. ಅಕ್ಕನ ಬೆರಳು ಎಲ್ಲರಿಗಿಂತ ಚುರುಕು. ಹಾಗೆ ಹಿತಕುತ್ತಿದ್ದಾಗ ಮಾತ್ರ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಮಾವ ಜಗುಲಿಯಲ್ಲಿ ಊಟಕ್ಕೆ ಕೂತಿದ್ದರು. ಅಕ್ಕ ಮಾತು ಬಿಟ್ಟ ಮೊದಲ ಭಾನುವಾರ ಅವರು ಹತ್ತಿ ಹಾಕಿಕೊಳ್ಳದೆ ನೆಮ್ಮದಿಯಾಗಿ ಉಂಡಿದ್ದರು. ಆಮೇಲಿನ ವಾರಗಳಲ್ಲಿ ಯಾಕೋ ಚಡಪಡಿಸುತ್ತಿದ್ದರು. ಈ ಸಲ ಅನ್ನ ಕಲಸಿದವರು ತುತ್ತು ಎತ್ತಲೇ ಇಲ್ಲ. ಇದ್ದಕ್ಕಿದ್ದಂತೆ ಎದ್ದು, ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು, ಆ ಸೊಗಡಿನ ನಡುವೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಅವರು ಆ ಹೊಸಿಲಿಗೆ ಬಂದದ್ದನ್ನು ಅವರೆಕಾಯಿ ಕಾಲದಲ್ಲಿ ನಾನು ಅದುವರೆಗೆ ಕಂಡದ್ದೇ ಇರಲಿಲ್ಲ.

"ಅಕ್ಕಾ" ಎಂದು ಅಮ್ಮನನ್ನು ಕರೆದು, ಗೋಡೆ ನೋಡುತ್ತ ಕೇಳಿದರು. "ಇವಳಿಗೆ ಮಾತಾಡ್ಬೇಡ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಕಣೋ. ಅವಳಿಗೆ ಏನೋ ಆಗಿದೆ" ಎಂದಳು ಅಮ್ಮ.

"ಏನೂ ಆಗಿಲ್ಲ. ನಾನು ಪ್ರತಿ ವಾರ ಸುಮ್ನಿರು ಅಂತೀನಿ. ಒಂದ್ ಗಳಿಗೆ ಸುಮ್ನಿದ್ದು ಮತ್ತೆ ಶುರು ಮಾಡ್ತಾಳೆ. ಯಾಕೆ? ಎಲ್ಲೀವರೆಗೆ ಅಂತ ನಾನು ಹೇಳಿರಲ್ಲ. ಈ ಸಲ ಯಾರೋ ಎಲ್ಲೀವರೆಗೆ ಅಂತ ಹೇಳಿದಾರೆ. ನೆನಪು ಮಾಡ್ಕೊ."

ಅಮ್ಮನ ಕೈ ಬೇಸಿನ್ನಿನ ನೀರಲ್ಲೇ ನಿಂತಿತು. "ಅವರು ಒಪ್ಪೋವರೆಗೂ ಅಂದೆ" ಎಂದಳು. "ಅಯ್ಯೋ ಶಿವನೇ. ನನ್ನಾಣೆ ಅಂದೆ."

ಒದ್ದೆ ಕೈಯಲ್ಲೇ ಅಕ್ಕನ ಭುಜ ಹಿಡಿದು, "ಗಿರಿಜಾ, ಅವರು ಬರಲ್ಲ ಕಣೆ. ಒಪ್ಪಲಿಲ್ಲ. ನೀನಿನ್ನು ಮಾತಾಡು" ಎಂದಳು. ಅಕ್ಕನ ಕಣ್ಣು ಇನ್ನೂ ದೊಡ್ಡದಾಯಿತು. ಒಪ್ಪುವವರೆಗೆ ಎಂದಿದ್ದರು, ಒಪ್ಪುವುದೇ ಇಲ್ಲವಾದರೆ ಇನ್ನು ಜೀವಮಾನವಿಡೀ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹಾಗಲ್ಲ ಅಕ್ಕಾ" ಎಂದರು ಮಾವ. "ಆಣೆ ನೀನು ಹಾಕಿದ್ದು. ನೀನೇ ತೆಗಿಬೇಕು. ಸರಿಯಾಗಿ ಹೇಳು."

ಅಮ್ಮ ಅಕ್ಕನ ಎರಡೂ ಕೈಗಳನ್ನು ಬಾಯಿಂದ ಬಿಡಿಸಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನಾನು ಹಾಕಿದ ಆಣೆ ನಾನೇ ತೆಗ್ದೆ. ನೀನು ಮಾತಾಡಿದ್ರೆ ನಂಗೇನೂ ಆಗಲ್ಲ."

"ಸಾಯಲ್ವಾ?" ಎಂದಳು ಅಕ್ಕ. ಇಷ್ಟು ದಿನ ಬಳಸದ ದನಿ ತುಕ್ಕು ಹಿಡಿದ ಬೀಗದಂತೆ ಇತ್ತು.

"ಸಾಯಲ್ಲ ಮಗಳೇ."

ಆಗ ಶುರುವಾಯಿತು ನೋಡಿ. ದಾವಣಗೆರೆಯವರು ಬಂದ ಸೋಮವಾರದಿಂದ ಹಿಡಿದು ಒಂದೊಂದು ದಿನದ್ದೂ ಬಾಕಿ ಇತ್ತು. ಹೂವಿನವಳಿಗೆ ಮೊಮ್ಮಗ ಹುಟ್ಟಿದ್ದು, ಕಲಾಯಿಯವನು ಹೊಸ ತಿದಿ ತಂದದ್ದು, ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿ ಅಪ್ಪ ಸುಮ್ಮನೆ ಉಂಡದ್ದು, ನನ್ನ ಲಂಗದ ಹಿಂದೆ ಮಸಿ ಆಗಿದ್ದರೂ ಹಾಗೇ ಸ್ಕೂಲಿಗೆ ಹೋದದ್ದು, ಎಲ್ಲ ಒಂದರ ಹಿಂದೆ ಒಂದು. ನಾನು ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದೆ. ಆಮೇಲೆ ಅದೇ ದನಿಯಲ್ಲಿ, ಅದೇ ಓಟದಲ್ಲಿ ಅವಳು ಹೇಳಿದಳು. "ದೊಡ್ಡಪ್ಪ ಬಂದ ದಿನ ನೀನು ಬಚ್ಚಲಲ್ಲಿ ಅಳ್ತಿದ್ದೆ ಅಮ್ಮ. ಯಾಕೆ ಅಳ್ತೀಯ ಅಂತ ಕೇಳ್ಬೇಕು ಅಂತಿತ್ತು. ಕೇಳಿದ್ರೆ ನೀನು ಸತ್ತೋಗ್ತಿದ್ದೆ. ಅದಕ್ಕೆ ಬಾಗಿಲು ಹಿಡ್ಕೊಂಡು ನಿಂತಿದ್ದೆ. ಈಗ ಹೇಳು, ಯಾಕೆ ಅಳ್ತಿದ್ದೆ?"

ಅಮ್ಮ ಅವಳನ್ನು ಅಪ್ಪಿಕೊಂಡಳು. ಅಕ್ಕನಿಗೆ ಅಪ್ಪಿಕೊಂಡರೆ ಆಗುತ್ತಿರಲಿಲ್ಲ, ಆದರೂ ಆ ಹೊತ್ತು ಸಹಿಸಿಕೊಂಡಳು. ಮಾವ ಅಲ್ಲೇ ಹೊಸಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಇಟ್ಟುಕೊಂಡು, ವರದಿ ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಪ್ಪ ಹೇಳಿದ ಹಾಗೆಯೇ ಬಂದರು. ಅಪ್ಪ ಗೇಟಿನ ಹತ್ತಿರವೇ ನಿಂತು ಅವರಿಗೆ ಹೇಳಿದರು. "ಗಿರಿಜೆಗೆ ಏನೂ ಆಗಿಲ್ಲ ಅಣ್ಣ. ನಾವು ಹೇಳಿದ್ದನ್ನ ಹೇಳಿದ ಹಾಗೇ ಕೇಳಿದಾಳೆ, ಅಷ್ಟೆ. ಅವಳು ಎಲ್ಲಿಗೂ ಬರಲ್ಲ. ಇನ್ನು ಹೆಣ್ಣು ನೋಡೋಕೂ ಯಾರನ್ನೂ ಕರ್ಕೊಂಡು ಬರ್ಬೇಡಿ." ಅಪ್ಪ ಅಣ್ಣನಿಗೆ ಬೇಡ ಎಂದದ್ದನ್ನು ನಾನು ಕೇಳಿದ್ದು ಆ ಒಂದೇ ಸಲ. ಆಮೇಲೆ ಅಪ್ಪನ ಅಂಗಡಿಯಿಂದ ಬಳೆಯ ಪೆಟ್ಟಿಗೆಗಳು ಮನೆಗೆ ಬರತೊಡಗಿದವು. ಅಕ್ಕ ಸೀಳು ಬಿಟ್ಟ ಬಳೆಗಳನ್ನು ಸದ್ದಿನಿಂದಲೇ ಬೇರೆ ಮಾಡಿ ಕಟ್ಟುತ್ತ, ಸಿಕ್ಕಿದವರಿಗೆ ಬೀದಿಯ ಸುದ್ದಿ ಹೇಳುತ್ತ, ತನ್ನ ಪಾಡಿಗೆ ಇದ್ದಳು.

ನಾನು ಡಾಕ್ಟರಲ್ಲ, ಸತ್ತವರಿಗೆ ಹೆಸರಿಡುವ ಉಸಾಬರಿ ನನಗೆ ಬೇಡ. ಆದರೆ ದೀಪಾ ತನಗೆ ಡಾಕ್ಟರು ಹೇಳಿದ್ದನ್ನೆಲ್ಲ ಆಮೇಲೆ ನನಗೆ ಬಿಡಿಸಿ ಹೇಳಿದಾಗ ನಾನು ಅಕ್ಕ, ಮಾವ ಇಬ್ಬರನ್ನೂ ಅದರಲ್ಲಿ ಕಂಡೆ. ಮೊದಲು ಇದಕ್ಕೆ ಬೇರೆ ಬೇರೆ ಹೆಸರುಗಳಿದ್ದವಂತೆ, ಈಗ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಂದಿದ್ದಾರಂತೆ. ಒಂದೇ ಹೆಸರಿದ್ದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ಕೆಲವರಿಗೆ ಮಾತು ಜಾಸ್ತಿ, ಕೆಲವರಿಗೆ ಬೇಡ. ಒಬ್ಬರು ಸದ್ದನ್ನು ಹುಡುಕಿಕೊಂಡು ಹೋದರೆ ಇನ್ನೊಬ್ಬರು ಓಡಿಹೋಗುತ್ತಾರೆ. ಅಕ್ಕನಿಗೆ ಸ್ವರ್ಗವಾಗಿದ್ದ ಸೊಗಡು ಮೇಘಳಿಗೆ ತಲೆಗೆ ಚುಚ್ಚುತ್ತದೆ. ಆದರೆ "ನಾಳೆ" ಎಂದರೆ ಇಬ್ಬರಿಗೂ ನಾಳೆಯೇ. ಆ "ಸೌಮ್ಯ" ಎಂಬ ಮಾತಿನ ಮೇಲೆ ಮಾತ್ರ ನನಗೆ ಸಿಟ್ಟಿದೆ. ಯಾರಿಗೆ ಸೌಮ್ಯ? ನೋಡುವವರಿಗೆ ಸೌಮ್ಯ. ತಾಯಿಯ ಜೀವ ತನ್ನ ನಾಲಿಗೆಯ ಮೇಲಿದೆ ಎಂದು ನಂಬಿ ತುಟಿ ಕಚ್ಚಿಕೊಂಡು ಓಡಾಡಿದವಳಿಗೆ ಅದರಲ್ಲಿ ಸೌಮ್ಯ ಏನಿತ್ತು? ದೀಪಾಳಿಗೂ ಇದನ್ನೇ ಹೇಳಿದೆ. ಹುಡುಗಿಯನ್ನು ಬದಲಾಯಿಸುವ ಮೊದಲು ನಮ್ಮ ಮಾತನ್ನು ಸ್ವಲ್ಪ ನೆಟ್ಟಗೆ ಮಾಡಿಕೊಳ್ಳೋಣ ಕಣಮ್ಮ ಎಂದೆ.

ನಮ್ಮ ಅಮ್ಮ ಹಾಗೆಯೇ ಮಾಡಿಕೊಂಡಳು. ಆ ಸಂಕ್ರಾಂತಿಯಿಂದ ಅಕ್ಕನಿಗೆ ಆಡುವ ಒಂದೊಂದು ಮಾತನ್ನೂ ತೂಗಿ ಆಡಿದಳು. ಅಂಗಡಿಗೆ ಹೊರಟರೆ, "ದೀಪ ಹಚ್ಚೋ ಹೊತ್ತಿಗೆ ಬರ್ತೀನಿ" ಎನ್ನುವಳು, ಆ ಹೊತ್ತಿಗೆ ಬಂದೇ ಬರುವಳು. ಮದುವೆಯಾಗಿ ಬಸವನಗುಡಿಗೆ ಬಂದ ನನಗೂ ಅದೇ ಪಾಠ. ಯಾವ ದಿನ ಎಂದು ಹೇಳದೆ ಬರ್ತೀನಿ ಅನ್ನಬೇಡ, ಅವಳು ಗೇಟಲ್ಲಿ ನಿಂತುಬಿಡ್ತಾಳೆ ಎಂದು ಎಚ್ಚರಿಸುತ್ತಿದ್ದಳು.

ಆ ದಶಕ ಮುಗಿಯುವುದರೊಳಗೆ ಅಮ್ಮ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಎಲ್ಲರನ್ನೂ ಕರೆಸಿಕೊಂಡಳು. ಅಪ್ಪನಿಗೆ, ಮಾವನಿಗೆ, ನನಗೆ ಒಂದೊಂದು ಮಾತು ಹೇಳಿದಳು. ಕೊನೆಗೆ ಅಕ್ಕನನ್ನು ಹತ್ತಿರ ಕೂರಿಸಿಕೊಂಡು ಅವಳ ಕೈಯ ಬಳೆಗಳನ್ನು ಮೆಲ್ಲಗೆ ಅಲ್ಲಾಡಿಸಿದಳು.

"ಹೋಗ್ತೀನಿ ಗಿರಿಜಾ" ಎಂದಳು.

ನಾನು, "ಬಿಡ್ತು ಅನ್ನಮ್ಮ! ಹಾಗನ್ನಬಾರ್ದು, ಹೋಗಿ ಬರ್ತೀನಿ ಅನ್ನು" ಎಂದು ಕೂಗಿದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ. ಅಕ್ಕನನ್ನೇ ನೋಡುತ್ತ ಇನ್ನೊಮ್ಮೆ ಬಿಡಿಸಿ ಹೇಳಿದಳು. "ಬರಲ್ಲ ಮಗಳೇ. ಗೇಟಲ್ಲಿ ಕಾಯ್ಬೇಡ."

"ಸರಿಯಮ್ಮ" ಎಂದಳು ಅಕ್ಕ.

ಅಮ್ಮ ಹೋದ ಮೇಲೆ ಬಹಳ ದಿನ ನಮ್ಮ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು, ಅಪ್ಪನದು, ನನ್ನದು, ಚಂದ್ರು ಮಾವನದೂ. ಅಕ್ಕ ಮಾತ್ರ ಗೇಟಿನ ಹತ್ತಿರ ಹೋಗಿ ನಿಲ್ಲಲಿಲ್ಲ.